ಬೆಳಗಾದರೆ ಆರುವ ಹಸಿರು ದೀಪ

ನಾರಿನ್ ಊರಿನ ಮೇಲಿನ ಕಣಿವೆಗಳಲ್ಲಿ ಕೆಸರು ಪ್ರವಾಹ ಇಳಿಯುವ ಮುನ್ನವೇ ಎಚ್ಚರಿಸಲೆಂದು ನಮ್ಮ ಕಚೇರಿ ಠಾಣೆಗಳನ್ನು ಹಾಕಿತ್ತು. ಪ್ರತಿ ಠಾಣೆಯಲ್ಲೂ ಅಂಗೈಯಗಲದ ಒಂದು ಲಿನಕ್ಸ್ ಬೋರ್ಡು, ಅಂದರೆ ಪುಟ್ಟ ಕಂಪ್ಯೂಟರು. ನೀರಿನ ಮಟ್ಟ ಅಳೆದು, ಕೇಬಲ್ ಮೂಲಕ ರೇಡಿಯೋ ಪೆಟ್ಟಿಗೆಗೆ ಸುದ್ದಿ ಕೊಟ್ಟು, ಕೆಳಗಿನ ಹಳ್ಳಿಯಲ್ಲಿ ಸೈರನ್ ಕೂಗಿಸುವುದು ಅದರ ಕೆಲಸ. ಆ ಬೋರ್ಡನ್ನು ರೂಪಿಸಿದವಳು ನುರ್ಜಾದಾ. ರಾಜಧಾನಿ ಬಿಷ್ಕೆಕ್‌ನಲ್ಲಿ ಅವಳ ಮೇಜಿನ ಮೇಲೆ ಅದು ಒಮ್ಮೆಯೂ ತಪ್ಪಿರಲಿಲ್ಲ.

ಮಾರ್ಚ್ ತಿಂಗಳ ಒಂದು ಮುಂಜಾನೆ ಕೆಸರು ಇಳಿಯಿತು, ಸೈರನ್ ಉಸಿರೆತ್ತಲಿಲ್ಲ. ಠಾಣೆ ಕಾಯುವ ತೊಕ್ತೊಸುನ್ ಕುದುರೆಯೇರಿ ಹಳ್ಳಿಗೆ ಧಾವಿಸಿ ಮನೆಮನೆ ಬಾಗಿಲು ಬಡಿದು ಎಬ್ಬಿಸಿದ. ಜನ ಉಳಿದರು, ಕೊಟ್ಟಿಗೆಯ ಕುರಿಗಳು ಕೊಚ್ಚಿಹೋದವು.

"ಕೇಬಲ್ ಹೋಗಿರತ್ತೆ, ಬದಲಾಯಿಸು" ಎಂದ ಮೇಲಧಿಕಾರಿ ಅಲ್ಮಾಜ್‌ಬೆಕ್.

ನುರ್ಜಾದಾ ಬೆಟ್ಟ ಹತ್ತಿ ಕೇಬಲ್ ಬದಲಾಯಿಸಿದಳು. ಕೇಬಲ್ ಸಿಕ್ಕಿಸುವ ತೂತಿನ ಪಕ್ಕ ಹಸಿರು ದೀಪ ಹತ್ತಿತು. ಅವಳು ಕೆಳಗಿಳಿದ ಮರುದಿನ ಬೆಳಿಗ್ಗೆ ಅದು ಆರಿತ್ತು. ಮತ್ತೆ ಹೋಗಿ ರೇಡಿಯೋ ಪೆಟ್ಟಿಗೆ ಬದಲಾಯಿಸಿದಳು, ಆಮೇಲೆ ಬೋರ್ಡನ್ನೇ ಬದಲಾಯಿಸಿದಳು. ಪ್ರತಿ ಸಲವೂ ಅವಳೆದುರು ದೀಪ ಉರಿಯುತ್ತಿತ್ತು, ಅವಳು ಹೊರಟ ಮೇಲೆ ಬೆಳಗಾಗುವಷ್ಟರಲ್ಲಿ ಆರುತ್ತಿತ್ತು.

ಅವಳಿಗೆ ತಲೆ ಕೆಟ್ಟುಹೋಯಿತು. ಅಣ್ಣ ಎನ್ನುವ ಹಾಗೆ ಬಾಯ್ಕೆ ಎಂದು ಕರೆಯುತ್ತಿದ್ದ ತೊಕ್ತೊಸುನ್‌ನನ್ನೇ ಕೇಳಿದಳು. "ಬಾಯ್ಕೆ, ನಿಜ ಹೇಳಿ, ನಾನು ಹೋದ್ಮೇಲೆ ಏನಾದ್ರೂ ಕೀಳ್ತೀರಾ? ಫೋನ್ ಚಾರ್ಜಿಗೆ ಹಾಕ್ತೀರಾ?"

ತೊಕ್ತೊಸುನ್ ಮುಖ ಕಪ್ಪಿಟ್ಟಿತು. "ನಾನು ಆ ಪೆಟ್ಟಿಗೆ ಮುಚ್ಚಳಾನೂ ಮುಟ್ಟಿಲ್ಲ, ಕರಿಂದಾಶ್, ತಂಗೀ. ನಿನ್ನ ಬೋರ್ಡಿಗೆ ನಿನ್ನ ಕಂಡ್ರೆ ಮಾತ್ರ ಭಯ. ಹಾಗಿದ್ರೆ ನೀನೇ ಇಲ್ಲಿ ಉಳ್ಕೊಂಡು ಕಾಯಿ!"

ಅವಳು ಉಳಿದೇಬಿಟ್ಟಳು. ಬೆಳಕು ಹರಿಯುವ ಹೊತ್ತಿಗೆ ಲ್ಯಾಪ್‌ಟಾಪನ್ನು ಬೋರ್ಡಿಗೆ ಜೋಡಿಸಿ ಹಿಮದ ಮೇಲೆ ಮಂಡಿಯೂರಿದಳು. ನಸುಕಿನ ಚಳಿಗೆ ಬ್ಯಾಟರಿ ಕುಗ್ಗಿ ಬೋರ್ಡು ಕೊಂಚ ಹೊತ್ತು ಮಲಗಿತ್ತು. ಸೌರಫಲಕಕ್ಕೆ ಬಿಸಿಲು ತಾಗಿದ್ದೇ ತಾನಾಗಿ ಎದ್ದಿತು. ಪರದೆಯ ಮೇಲೆ ಸಾಲುಗಳು ಓಡಿದವು. ನಡುವೆ ಒಂದು ಸಾಲು: ಕೇಬಲ್ಲಿನೊಡನೆ ಮಾತಾಡುವ ಚಿಪ್ ಸಿಗಲಿಲ್ಲ.

"ಸಿಗಲಿಲ್ವಂತೆ! ಅಲ್ಲೇ ಕೂತಿದೆಯಲ್ಲೋ ಕುರುಡಾ!" ಎಂದು ಬೋರ್ಡಿಗೇ ಕೂಗಿದಳು.

ಅದನ್ನು ಬಿಚ್ಚಿಕೊಂಡು ಅಲ್ಲೇ ಇದ್ದ ತೊಕ್ತೊಸುನ್‌ನ ಮನೆಯೊಳಗೆ ಒಲೆಯ ಪಕ್ಕ ಇಟ್ಟು ಶುರುಮಾಡಿದಳು. ಚಿಪ್ ಸಿಕ್ಕಿತು. ಆರಿಸಿ, ಹಿಮದಲ್ಲಿ ತಣಿಸಿ ಮತ್ತೆ ಶುರುಮಾಡಿದಳು. ಸಿಗಲಿಲ್ಲ. ಒಳಗೆ, ಹೊರಗೆ, ಮತ್ತೆ ಒಳಗೆ. ತೊಕ್ತೊಸುನ್‌ನ ಹೆಂಡತಿ ಬುರ್ಮಾಕಾನ್ ಬಾಗಿಲು ಹಾಕಿ ಹಾಕಿ ಬೇಸತ್ತಳು. "ಮನೆ ಎಲ್ಲಾ ಹಿಮ ಮಾಡ್ದೆ. ಒಂದು ಕಡೆ ಕೂತು ಚಹಾನಾದ್ರೂ ಕುಡಿಯೇ!"

"ಒಂದೇ ಒಂದ್ಸಲ, ಎಜೆ" ಎಂದು ಅಕ್ಕನನ್ನು ಕೇಳುವಂತೆ ಕೇಳಿಕೊಂಡಳು.

ಈಗ ಅರ್ಥವಾಯಿತು. ಚಳಿಯಲ್ಲಿ ಆ ಚಿಪ್ ಎಚ್ಚರಗೊಳ್ಳಲು ಕೊಂಚ ಹೆಚ್ಚು ಹೊತ್ತು ಹಿಡಿಯುತ್ತದೆ. ತಂತ್ರಾಂಶ ಅಷ್ಟು ಕಾಯದೆ ಒಮ್ಮೆ ಕರೆದು, ಉತ್ತರ ಬಾರದಿದ್ದರೆ ಕೈಬಿಡುತ್ತದೆ. ಅವಳು ಮಾತ್ರ ಪ್ರತಿ ಸಲವೂ ಬೋರ್ಡನ್ನು ಮೊದಲು ಮನೆಯೊಳಗೆ ಒಯ್ದು ಪರೀಕ್ಷಿಸಿ, ಬೆಚ್ಚಗಿರುವಾಗಲೇ ತಂದು ಹಚ್ಚುತ್ತಿದ್ದಳು. ಕಾಯುವ ಅವಧಿಯನ್ನು ಹೆಚ್ಚಿಸಿ ತಂತ್ರಾಂಶ ತುಂಬಿದಳು. ಮರುದಿನ ಮುಂಜಾನೆ, ಕೊರೆಯುವ ಚಳಿಯಲ್ಲೇ ದೀಪ ಹತ್ತಿತು.

"ಬಾಯ್ಕೆ, ಕ್ಷಮಿಸಿ" ಎಂದಳು. ಅವನು ಅವಳ ಬಟ್ಟಲಿಗೆ ಚಹಾ ಸುರಿದ.

ಫೋನಿನಲ್ಲಿ ಅಲ್ಮಾಜ್‌ಬೆಕ್‌ಗೆ ಸಂತೋಷವೋ ಸಂತೋಷ. "ಹಾಗಾದ್ರೆ ಮಿಕ್ಕ ಠಾಣೆಗಳಿಗೂ ಆ ತಂತ್ರಾಂಶಾನ ರೇಡಿಯೋದಲ್ಲೇ ಅಲ್ಲಿಂದ ಕಳಿಸ್ಬಿಡು."

"ಯಾವ ದಾರೀಲಿ ಕಳಿಸ್ಲಿ? ರೇಡಿಯೋದಿಂದ ಬೋರ್ಡಿಗೆ ಹೋಗೋ ಕೇಬಲ್ ದಾರೀನೇ ಅಲ್ಲೆಲ್ಲ ಸತ್ತಿರೋದು!"

ಹೀಗಾಗಿ ವಸಂತವೆಲ್ಲ ಅವಳು ಒಂದೊಂದೇ ಬೆಟ್ಟ ಹತ್ತಿದಳು. ಮೇ ತಿಂಗಳಲ್ಲಿ ತೊಕ್ತೊಸುನ್‌ನ ಕಣಿವೆಯಲ್ಲಿ ಮತ್ತೆ ಕೆಸರು ಇಳಿಯಿತು. ಈ ಸಲ ಸೈರನ್ ಕೂಗಿತು, ಕುರಿಗಳೂ ಉಳಿದವು. ಸುದ್ದಿ ಹೇಳಲು ಕಚೇರಿಯಿಂದ ನಾನು ಫೋನ್ ಮಾಡಿದಾಗ ಅವಳು ಇನ್ನೊಂದು ಗುಡ್ಡದ ನೆತ್ತಿಯಲ್ಲಿದ್ದಳು.

"ಒಳ್ಳೇದಾಯ್ತು. ಆಮೇಲೆ ಮಾಡು ಮಾರಾಯಾ, ಈ ಮುಚ್ಚಳದ ಸ್ಕ್ರೂ ತುಕ್ಕು ಹಿಡಿದು ಕೂತಿದೆ" ಎಂದು ಫೋನಿಟ್ಟಳು.