ಚಿಂತಾಕಿಯ ಸರದಿ

ನಮ್ಮ ಅಂಗವಿಕಲರ ಸಂಘದಲ್ಲಿ ಹಾಜರಿಗೆ ಹೆಸರು ಬೇಕಿರಲಿಲ್ಲ. ಜಮಖಾನ ಹಾಸಿ ದುಂಡಗೆ ಕೂತ ಮೇಲೆ ಒಬ್ಬೊಬ್ಬರೂ ತಮ್ಮ ಊರು ಹೇಳಬೇಕು. "ಔರಾದ, ಬಂದೇನಿ." "ಅಷ್ಟೂರ, ಬಂದೇನಿ." ಯಾರು ಎಲ್ಲಿ ಕೂತಿದ್ದಾರೆಂದು ಕಣ್ಣಿಲ್ಲದವರಿಗೆ ತಿಳಿಯಲಿ ಎಂದು ಈ ಪದ್ಧತಿ. ಬಾರದವರ ಜಾಗ ಖಾಲಿ ಬಿಡಬೇಕು, ಯಾಕೆ ಬರಲಿಲ್ಲವೆಂದು ಪಕ್ಕದವರು ಹೇಳಬೇಕು. ಪ್ರತಿ ಊರಾದ ಮೇಲೆ ಅಕ್ಕ "ಮುಂದ" ಅನ್ನುತ್ತಿದ್ದಳು. ಅವಳು ಅಂದ ಮೇಲೆಯೇ ಮುಂದಿನ ಊರು.

ಅಕ್ಕ ನಮ್ಮ ಅಧ್ಯಕ್ಷೆ, ಚಿಂತಾಕಿಯವಳು. ಕೂಸಿದ್ದಾಗಲೇ ಪೋಲಿಯೋ ಎರಡೂ ಕಾಲು ಕಸಿದಿತ್ತು. ಕೈಗೆ ಚಪ್ಪಲಿ ಹಾಕಿಕೊಂಡು ನೆಲದ ಮೇಲೆ ಸರಿಯುತ್ತ ಬರುತ್ತಿದ್ದಳು. ಖುರ್ಚಿ ಕಂಡರೆ ಅವಳಿಗೆ ಆಗುತ್ತಿರಲಿಲ್ಲ. "ಮ್ಯಾಲ ಕುಂತವರು ಕೆಳಗ ಕುಂತವರಿಗಿ ಬುದ್ಧಿ ಹೇಳ್ಲಿಕ್ಕೇ ಶುರು ಮಾಡ್ತಾರ್ರಿ" ಎಂದು ಸರಕಾರಿ ಸಾಹೇಬರನ್ನೂ ಜಮಖಾನದ ಮೇಲೆ ಕೂರಿಸುತ್ತಿದ್ದಳು. ಪ್ಯಾಂಟು ಮೇಲೆಳೆದುಕೊಂಡು ಚಕ್ಕಳಮಕ್ಕಳ ಹಾಕಲು ಅವರು ಒದ್ದಾಡುವಾಗ ನಾವು ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದೆವು.

ನಾನು ಭಾಲ್ಕಿಯವಳು. ಎಡಗಾಲಿಗೆ ಕಬ್ಬಿಣದ ಪಟ್ಟಿ, ಹೊಟ್ಟೆಪಾಡಿಗೆ ಹೊಲಿಗೆ ಯಂತ್ರ. ಮೊದಲ ಸಭೆಯಿಂದಲೂ ನನ್ನ ಜಾಗ ಅಕ್ಕನ ಪಕ್ಕದಲ್ಲೇ. ಸಂಘ ಕಟ್ಟಿಕೊಟ್ಟವರು ಬೀದರಿನ ಒಂದು ಸಂಸ್ಥೆಯವರು. ಕೆಲವು ವರ್ಷ ಕೈಹಿಡಿದು ನಡೆಸಿ, ಇನ್ನು ನೀವೇ ನೋಡಿಕೊಳ್ಳಿ ಎಂದು ಹಿಂದೆ ಸರಿದರು. ನಾವೆಲ್ಲ ಹೆದರಿದೆವು. ಅಕ್ಕ ಮಾತ್ರ, "ಇಷ್ಟ ದಿನ ಅವರ ಸಂಘ ಇತ್ತು, ಇನ್ನ ನಮ್ದು" ಅಂದಳು. ಬಸ್ ಪಾಸಿಗೂ ಪಿಂಚಣಿಗೂ ಕಚೇರಿ ಮೆಟ್ಟಿಲುಗಳನ್ನು ಕೈಯೂರಿ ಹತ್ತಿ ಜಗಳವಾಡಿದಳು.

ಒಂದು ವಿಷಯ ನನಗೆ ಇಂದಿಗೂ ಸಿಟ್ಟು ತರಿಸುತ್ತದೆ. ಸಭೆಯ ದಿನ ಅಕ್ಕ ನೀರು ಕುಡಿಯುತ್ತಿರಲಿಲ್ಲ. ಬಸ್ ನಿಲ್ದಾಣದ ಒದ್ದೆ ಪಾಯಖಾನೆಗೆ ಕೈಯೂರಿಕೊಂಡು ಹೋಗುವುದು ಹೇಗೆ? ಬೆಳಿಗ್ಗೆ ಚಿಂತಾಕಿ ಬಿಟ್ಟರೆ ಸಂಜೆ ಮನೆ ಸೇರುವವರೆಗೂ ಗಂಟಲು ಒಣಗಿಸಿಕೊಂಡೇ ಇರುತ್ತಿದ್ದಳು. ಹತ್ತಾರು ವರ್ಷ ಹೀಗೇ ನಡೆಯಿತು. ಕೊನೆಗೆ ಕಿಡ್ನಿ ಕೈಕೊಟ್ಟವು.

ಅವಳು ಬೀದರಿನ ಆಸ್ಪತ್ರೆ ಸೇರಿದ ಮೇಲೆ ಸಭೆಯಲ್ಲಿ ಅವಳ ಸರದಿ ಬಂದಾಗಲೆಲ್ಲ ನಾನೇ, "ಚಿಂತಾಕಿ, ದವಾಖಾನ್ಯಾಗ ಅದಾಳ್ರಿ" ಅನ್ನುತ್ತಿದ್ದೆ. ನೋಡಲು ಹೋದಾಗ ಅವಳು ಕೇಳಿದ್ದು ಒಂದೇ ಮಾತು.

"ಮುಂದ ಅಂತ ಯಾರು ಅಂತಾರ?"

"ಯಾರೂ ಇಲ್ಲಕ್ಕ. ನೀ ಬರೋತನ ಹಂಗೇ ನಡಸ್ತೇವಿ."

ಬಾತ ಮುಖದಲ್ಲೂ ಸಿಟ್ಟು ಕಂಡಿತು. "ನಾ ಸತ್ರ ನನ್ನ ಜಾಗಾ ನೋಡ್ಕೋತ ಹಂಗೇ ಕುಂದರ್ತೀರೇನ? ಯಾರರ ಒಬ್ಬರು ಅನ್ರಿ." ನಾನು ಅವಳ ಕೈ ಸವರಿದೆ. ಚಪ್ಪಲಿ ತೊಟ್ಟೂ ತೊಟ್ಟೂ ಬೆರಳ ಬುಡ ಕಲ್ಲಾಗಿತ್ತು. ಅದೇ ಕೊನೆಯ ಭೇಟಿ.

ಶ್ರದ್ಧಾಂಜಲಿ ಸಭೆಯನ್ನು ಸಂಸ್ಥೆಯವರೇ ಬೀದರಿನ ತಮ್ಮ ಹಾಲ್‌ನಲ್ಲಿ ಇಟ್ಟುಕೊಂಡರು. ಸಾಲಾಗಿ ಖುರ್ಚಿ, ಮುಂದೆ ಹೂ ಹಾಕಿದ ಫೋಟೋ. ಸಂಸ್ಥೆಯ ಸರ್ ಮೈಕ್ ಹಿಡಿದು, "ಎಲ್ಲರೂ ಎದ್ದು ನಿಂತು ಒಂದು ನಿಮಿಷ ಮೌನ ಆಚರಿಸೋಣ" ಅಂದರು. ಜನ್ಮದಲ್ಲಿ ಒಂದು ದಿನವೂ ನಿಲ್ಲದವಳಿಗೆ ನಿಂತು ಗೌರವ ಕೊಡಬೇಕಂತೆ! ಕಾಲಿಗೆ ಬಲವಿಲ್ಲದ ಅಷ್ಟೂರದವನು ಖುರ್ಚಿಯ ಕೈಗಳನ್ನು ಒತ್ತಿ ಮೈ ಮೇಲೆತ್ತಿದ. ಅವನ ತೋಳು ಗಡಗಡ ನಡುಗುತ್ತಿದ್ದವು. ಔರಾದಿನ ಕಾಕಾನಿಗೆ ಹುಟ್ಟಿನಿಂದ ಕಣ್ಣಿಲ್ಲ. ಆ ಮೌನದಲ್ಲಿ ತನ್ನವರು ಯಾರು ಎಲ್ಲಿದ್ದಾರೆಂದು ತಿಳಿಯದೆ, ನಿಂತಲ್ಲೇ ಅತ್ತಿತ್ತ ಕಿವಿ ತಿರುಗಿಸುತ್ತಿದ್ದ. ನನಗೆ ದುಃಖಕ್ಕಿಂತ ಮೊದಲು ರೋಷ ಬಂತು.

ಮೌನ ಮುಗಿದ ಮೇಲೆ ಸರ್ ಕರುಣೆಯಿಂದಲೇ ಹೇಳಿದರು: "ಅವರೇ ಹೋದ ಮೇಲೆ ನಿಮಗೆ ಕಷ್ಟ. ಸಂಘವನ್ನು ಮತ್ತೆ ನಮ್ಮ ಆಫೀಸಿಗೇ ಸೇರಿಸಿಕೊಳ್ಳುತ್ತೇವೆ. ನೀವು ಹೂಂ ಅಂದರೆ ಸಾಕು."

ಹೂಂ ಅಂದುಬಿಟ್ಟರೆ ಎಷ್ಟು ಹಗುರ ಎಂದು ನನಗೂ ಅನ್ನಿಸಿತು. ಅಷ್ಟರಲ್ಲಿ ಕಾಕಾ ಖುರ್ಚಿಯಿಂದ ಇಳಿದು, ಕೈಯಿಂದ ನೆಲ ತಡವಿ ಕೂತ.

"ಹಾಜರಿ ತಗೊಂಡ ಮ್ಯಾಲ ಜವಾಬ್ ಕೊಡ್ತೇವ್ರಿ, ಸರ್. ಕೆಳಗ ಇಳೀರಿ ಎಲ್ಲಾರೂ."

ಒಬ್ಬೊಬ್ಬರಾಗಿ ಇಳಿದೆವು. ಖುರ್ಚಿಗಳನ್ನು ಹಿಂದೆ ತಳ್ಳಿ, ತಣ್ಣನೆ ಟೈಲ್ಸ್ ಮೇಲೆ ದುಂಡಗೆ ಕೂತೆವು. ನನ್ನ ಪಕ್ಕದ ಜಾಗ ಖಾಲಿ ಬಿಟ್ಟೆ.

"ಔರಾದ, ಬಂದೇನಿ," ಕಾಕಾ ಅಂದ.

"ಅಷ್ಟೂರ, ಬಂದೇನಿ."

ಆಮೇಲೆ ಚಿಂತಾಕಿ. ಎಲ್ಲರೂ ನನ್ನ ಕಡೆ ತಿರುಗಿದರು. ಕಾರಣ ಹೇಳಬೇಕಾದವಳು ನಾನೇ. ಎಷ್ಟೋ ತಿಂಗಳು ಸರಾಗವಾಗಿ ಹೇಳಿದ ನಾಲಿಗೆ ಅಂದು ಏಳಲಿಲ್ಲ. ಕಾಕಾ ತಲೆ ತಗ್ಗಿಸಿ ಕಾಯುತ್ತಿದ್ದ.

"ಚಿಂತಾಕಿ," ಅಂದೆ. "ಇನ್ನ ಬರಂಗಿಲ್ರಿ."

ಹಾಲ್‌ನಲ್ಲಿ ಯಾರದೋ ಬಿಕ್ಕು ಕೇಳಿಸಿತು. ಫೋಟೋದ ಪಕ್ಕ ನಿಂತಿದ್ದ ಸರ್ ಮೈಕ್ ಕೆಳಗಿಟ್ಟರು. ಕಾಕಾ ತಲೆಯೆತ್ತಿದ.

"ಮುಂದ."

ಸರ್‌ಗೆ ಕೊಡಬೇಕಿದ್ದ ಜವಾಬು ಅದರಲ್ಲೇ ಇತ್ತು: ಸಂಘ ನಮ್ಮದೇ. ಅವರು ಮತ್ತೆ ಕೇಳಲಿಲ್ಲ. ಆದರೆ ಆ ಮಾತು ಇನ್ನೊಬ್ಬರ ಬಾಯಿಂದ ಬಂದಾಗಲೇ ಅಕ್ಕ ಸತ್ತದ್ದು ನನ್ನ ಎದೆಗೆ ತಾಕಿತು. ಅತ್ತುಬಿಟ್ಟೆ. ಮಣ್ಣು ಹಾಕುವಾಗಲೂ ಹಾಗೆ ಅತ್ತಿರಲಿಲ್ಲ. ಚಿಂತಾಕಿಯ ನಂತರದ ಸರದಿ ನನ್ನದು. ಎಲ್ಲರೂ ಕಾಯುತ್ತಿದ್ದರು.

"ಭಾಲ್ಕಿ," ಅಂದೆ. ಬಂದೇನಿ ಅನ್ನುವುದಕ್ಕೆ ಬಹಳ ಹೊತ್ತು ಬೇಕಾಯಿತು.