ಕುಬಸದ ಶ್ರೀಖಂಡ, ನಿಂತುಹೋದ ಫ್ಯಾನು

ಫ್ರಿಜ್ಜು ಸುಮ್ಮನಾದದ್ದು ಮನೆಯಲ್ಲಿ ಎಲ್ಲರಿಗಿಂತ ಮೊದಲು ನನಗೆ ಗೊತ್ತಾಯಿತು. ನನ್ನ ಮಂಚ ಇರುವುದು ಅಡುಗೆಮನೆಯ ಗೋಡೆಗೆ ಹತ್ತಿಕೊಂಡು. ಫ್ರಿಜ್ಜಿನ ಗುಂಯ್ ಎನ್ನುವ ಸದ್ದು ಗಂಡನ ಗೊರಕೆ ಇದ್ದ ಹಾಗೆ. ಇರುವಾಗ ಬೈಯುತ್ತೇವೆ, ನಿಂತರೆ ಎದ್ದು ಕೂರುತ್ತೇವೆ. ಗಂಡನ ಗೊರಕೆ ನಿಂತು ಒಂಬತ್ತು ವರ್ಷವಾಯಿತು. ದಸರೆ ಮುಗಿದ ವಾರ, ಒಂದು ಬೆಳಿಗ್ಗೆ, ಫ್ರಿಜ್ಜಿನದೂ ನಿಂತಿತ್ತು.

ಎದ್ದು ಹೋಗಿ ಬಾಗಿಲು ತೆಗೆದೆ. ದೀಪ ಹತ್ತಿತು. ಮೇಲಿನ ಖಾನೆಯಲ್ಲಿ ಬರ್ಫ ಕಲ್ಲಿನಂತೆ ಗಟ್ಟಿ. ಕೆಳಗೆ ಹಾಲಿನ ಪಾಕೀಟು ಮುಟ್ಟಿದರೆ ಉಗುರುಬೆಚ್ಚಗೆ. ಹಾಲಿನ ಪಕ್ಕದಲ್ಲಿ ಸೊಸೆಯ ದೊಡ್ಡ ಡಬರಿ. ಅದರ ತುಂಬ ಶ್ರೀಖಂಡ.

ಆ ಡಬರಿಯ ಕಥೆ ಹೇಳಬೇಕು. ನನ್ನ ಸೊಸೆ ಶ್ರೀಖಂಡ ಛಲೋ ಮಾಡುತ್ತಾಳೆ. ಇದನ್ನು ಅವಳ ಮುಂದೆ ನಾನು ಎಂದೂ ಹೇಳಿಲ್ಲ. ನಮ್ಮ ಮನೆತನದ ಮದುವೆಯೊಂದರಲ್ಲಿ ಅದನ್ನು ತಿಂದಿದ್ದ ವಿದ್ಯಾನಗರದ ಒಬ್ಬ ಹೆಣ್ಣುಮಗಳು ತನ್ನ ಮಗಳ ಕುಬಸಕ್ಕೆ ಅರವತ್ತು ಮಂದಿಗಾಗುವಷ್ಟು ಮಾಡಿಕೊಡಿ ಎಂದು ಕೇಳಿದ್ದಳು. ಕುಬಸವೆಂದರೆ ಬಸುರಿಗೆ ಸೀರೆ ಉಡಿಸಿ, ಆರತಿ ಮಾಡಿ, ಊಟ ಹಾಕುವ ದಿನ. ಅದು ಮಾರನೆಯ ದಿನ ಮಧ್ಯಾಹ್ನಕ್ಕಿತ್ತು. ಮನೆಯ ಹೊರಗಿನವರು ಸೊಸೆಯ ಕೈಯಡುಗೆ ಕೇಳಿದ್ದು ಇದೇ ಮೊದಲು. ಹನ್ನೆರಡು ಲೀಟರ್ ಹಾಲು ಹೆಪ್ಪು ಹಾಕಿ, ಮೊಸರನ್ನು ಧೋತರದಲ್ಲಿ ಕಟ್ಟಿ ತೂಗುಹಾಕಿ, ಸಕ್ಕರೆ ಸೇರಿಸಿ ಕೈ ನೋಯುವ ತನಕ ಮಸೆದಿದ್ದಳು. ಅದು ಹುಳಿ ಬಂದರೆ ಎರಡನೆಯ ಸಲ ಯಾರೂ ಕೇಳುವುದಿಲ್ಲ. ಯಾರಾದರೂ ಕೇಳಿದರೂ ಇವಳು ಒಪ್ಪುವವಳಲ್ಲ. ಈ ಮನೆಗೆ ಬಂದ ಮೇಲೆ ಆಸೆ ಪಡುವುದಕ್ಕೇ ನಾಲ್ಕು ವರ್ಷ ತೆಗೆದುಕೊಂಡವಳು.

ನಾನು ಮೊದಲು ಮಾಡಿದ್ದು ಬೈಯುವ ಕೆಲಸ.

"ಅಷ್ಟ ದೊಡ್ಡ ಡಬರಿ ತುರುಕಿದಾಕಿ ನೀನ ಅಲ್ಲೇನು? ಮ್ಯಾಲೆ ಬಾಗಲಾ ಧಡ್ ಅಂತ ಹಾಕ್ತಿ. ಮಷೀನಿಗೂ ಜೀವ ಇರ್ತೈತವಾ!"

ಸೊಸೆ ಡಬರಿಯ ಮುಚ್ಚಳ ತೆಗೆದು ಮೂಸಿದಳು. "ಅತ್ತಿ, ಈಗ ಬೈಬ್ಯಾಡ್ರಿ. ನಾಳೆ ಸಂಜಿಕ್ಕ ಬೈರಿ, ಚಾ ಮಾಡ್ಕೊಂಡು ಮುಂದ ಕುಂತು ಕೇಳ್ತೇನಿ."

ಮಗ ಕೆಲಸಕ್ಕೆ ಹೋಗಿಬಿಟ್ಟಿದ್ದ. ಇದ್ದಿದ್ದರೂ ಅವನು ಬಲ್ಬು ಬದಲಿಸುವಷ್ಟೇ ಇಂಜಿನಿಯರು. ನಮ್ಮ ಮಿಕ್ಸರು, ಗೀಜರು ಎಲ್ಲ ನೋಡುವ ಬಿಳಿಗಡ್ಡದ ಮಿಸ್ತ್ರಿಗೆ ಸೊಸೆ ಫೋನು ಹಚ್ಚಿದಳು.

"ಗಬ್ಬೂರ ಬೈಪಾಸಿನ್ಯಾಗ ಅದೀನ್ರಿ, ಢಾಬಾದವರ ಫ್ರೀಜರ್ ಬಿಚ್ಚಿ ಹರವೇನಿ. ಸಂಜಿಮುಂದ ಬರ್ತೇನಿ," ಎಂದ.

"ಸಂಜಿತನಕ ಶ್ರೀಖಂಡ ಮೊಸರಾಗ್ತೈತ್ರಿ ಕಾಕಾ!"

"ಮೊದಲು ಅದು ಮೊಸರ ಅಲ್ಲೇನ್ರಿ?"

ನಾನು ಫೋನು ಕಸಿದುಕೊಂಡೆ. "ಮಿಸ್ತ್ರೀ, ನಗಸ್ಯಾಡಬ್ಯಾಡ. ಏನ್ ಮಾಡಬೇಕು ಅದನ್ನ ಹೇಳು, ನಾವ ಮಾಡ್ತೀವಿ."

ಅವನು ವಿಡಿಯೋ ಕಾಲ್ ಮಾಡಿ ಎಂದ. ಫೋನಿನಲ್ಲಿ ಅವನು ಕಂಡ, ನಾನೂ ಕಂಡೆ. "ಅಮ್ಮಾರ, ನಿಮ್ಮ ಮಾರಿ ಅಲ್ರಿ, ಫ್ರಿಜ್ಜಿನ ಮಾರಿ ತೋರಸ್ರಿ." ಫೋನನ್ನು ಸೊಸೆಗೆ ಕೊಟ್ಟೆ. ನಾನು ಕಲಿತದ್ದು ಎರಡನೆಯ ಇಯತ್ತೆ. ಆದರೆ ಕೈ ಸಣ್ಣದು, ಎಲ್ಲಿ ಬೇಕಾದರೂ ತೂರುತ್ತದೆ. ಕೆಲಸ ನನ್ನದು, ತೋರಿಸುವುದು ಅವಳದು ಎಂದಾಯಿತು.

ಬಾಗಿಲು ತೆಗೆದರೆ ಒಳಗಿನ ಫ್ಯಾನು ತಾನೇ ನಿಲ್ಲುತ್ತದಂತೆ. ಚೌಕಟ್ಟಿನಲ್ಲಿ ಒಂದು ಬಿಳಿಯ ಗುಂಡಿ ಇದೆ, ಅದನ್ನು ಬೆರಳಿಂದ ಒತ್ತಿ ಹಿಡಿದರೆ ಬಾಗಿಲು ಹಾಕಿದೆ ಎಂದು ತಿಳಿದು ತಿರುಗುತ್ತದಂತೆ. ಒತ್ತಿದೆ. ಕಿವಿ ಹಚ್ಚಿದೆ.

"ಹೂಂ ಅಂತೈತಿ, ಮುಂದ ಹೋಗವಲ್ದು. ಗಾಳಿ ಇಲ್ಲ."

"ಹಂಗಾರ ಮೋಟಾರ್ ಸತ್ತಿಲ್ರಿ. ಏನೋ ಅಡ್ಡ ಬಂದೈತಿ. ಬರ್ಫ ಕಟ್ಟಿರಬೌದು. ಮ್ಯಾಲಿನ ಥಂಡಿ ಕೆಳಗ ಇಳಸೋದು ಆ ಫ್ಯಾನ. ಮೊದಲು ಪ್ಲಗ್ ಕಿತ್ತು ಕೈಯಾಗ ಹಿಡಕೊಂಡು ನನಗ ತೋರಸ್ರಿ, ಆಮ್ಯಾಲೆ ಮುಂದಿನ ಮಾತು."

ಪ್ಲಗ್ ಕಿತ್ತು ತೋರಿಸಿದೆವು. ಶ್ರೀಖಂಡದ ವ್ಯವಸ್ಥೆ ನಾನೇ ಮಾಡಿದೆ. ಹಿಟ್ಟು ನಾದುವ ದೊಡ್ಡ ಪರಾತದಲ್ಲಿ ಡಬರಿ ಇಟ್ಟು, ಸುತ್ತ ಮೇಲಿನ ಖಾನೆಯ ಬರ್ಫವನ್ನೆಲ್ಲ ಸುರಿದು, ಹಸಿ ಧೋತರ ಸುತ್ತಿ, ಬಚ್ಚಲ ಪಕ್ಕದ ತಂಪು ಮೂಲೆಗೆ ಸರಿಸಿದೆ. ಫ್ರಿಜ್ಜು ಬರುವುದಕ್ಕಿಂತ ಮೊದಲೂ ನಾವು ಹಾಲು ಮೊಸರು ಉಂಡವರೇ.

ಮೇಲಿನ ಖಾನೆಯ ಒಳಗೆ, ಹಿಂದಿನ ಹಲಗೆಗೆ ಎರಡು ಸ್ಕ್ರೂ. ಬಿಚ್ಚಿದರೂ ಹಲಗೆ ಬರಲಿಲ್ಲ, ಬರ್ಫ ಕಚ್ಚಿತ್ತು. ನಾನು ಉಳ್ಳಾಗಡ್ಡಿ ಹೆಚ್ಚುವ ಚಾಕು ಎತ್ತಿದೆ.

ಫೋನಿನೊಳಗಿಂದ ಮಿಸ್ತ್ರಿ ಚೀರಿದ. "ಅಮ್ಮಾರ! ಚಾಕು ಕೆಳಗ ಇಡ್ರಿ! ಒಳಗ ಗ್ಯಾಸಿನ ನಳಗಿ ಐತಿ. ತೂತು ಬಿತ್ತಂದ್ರ ಆಮ್ಯಾಲೆ ಅದು ಫ್ರಿಜ್ ಅಲ್ಲ, ಕಪಾಟ! ಒಂದು ಬೋಗಾಣಿ ಕುದಿಯೋ ನೀರು ಒಳಗಿಟ್ಟು ಬಾಗಲಾ ಮುಚ್ರಿ. ಅರ್ಧಾ ತಾಸು ಸುಮ್ನ ಕೂಡ್ರಿ."

ಸುಮ್ಮನೆ ಕೂರುವುದು ನಮ್ಮ ಮನೆಯಲ್ಲಿ ಯಾರಿಗೂ ಬಾರದ ವಿದ್ಯೆ. ಸೊಸೆ ಐದೈದು ನಿಮಿಷಕ್ಕೆ ಹೋಗಿ ಚಮಚದ ತುದಿಯಲ್ಲಿ ಶ್ರೀಖಂಡದ ರುಚಿ ನೋಡಿ ಬರುತ್ತಿದ್ದಳು.

"ರುಚಿ ನೋಡಿ ನೋಡಿ ಅರವತ್ತು ಮಂದೀದು ಐವತ್ತಕ್ಕ ತರ್ತಿ ನೋಡು," ಎಂದೆ. ಅವಳು ನಗಲಿಲ್ಲ. ಅವಳ ಮುಖ ನೋಡಿ ನಾನೂ ಚೇಷ್ಟೆ ಬಿಟ್ಟೆ. ಬಾಗಿಲು ಧಡ್ ಎನಿಸುತ್ತೀ ಎನ್ನುವುದನ್ನು ಮಾತ್ರ ನಡುವೆ ಮತ್ತೊಮ್ಮೆ ಹೇಳಿದೆ.

ಅರ್ಧ ತಾಸಿನ ಮೇಲೆ ಹಲಗೆ ಕೈಗೆ ಬಂತು. ಒಳಗೆ ಅಂಗೈ ಅಗಲದ ಒಂದು ಸಣ್ಣ ಫ್ಯಾನು. ಅದರ ನಡುವೆ ಉಬ್ಬಿದ ಗುಬಟಿಗೆ ಹಳದಿ ದಾರ ಸುತ್ತಿಕೊಂಡು ಬಿಗಿದಿತ್ತು. ದಾರದ ತುದಿಯಲ್ಲಿ ಒಂದು ಒಣಗಿದ ಟೊಂಗೆ. ಟೊಂಗೆಯಲ್ಲಿ ಇನ್ನೂ ಹತ್ತೆಂಟು ಸಣ್ಣ ಎಲೆ.

ದಸರೆಯ ಬನ್ನಿ. ನೋಡಿದ ಕೂಡಲೇ ಗುರುತು ಸಿಕ್ಕಿತು. ದುರ್ಗದಬೈಲಿನ ಪೇಟೆಯಿಂದ ತಂದವಳು ನಾನು. ಅರಿಷಿಣದ ದಾರ ಕಟ್ಟಿದವಳು ನಾನು. ಹಬ್ಬದ ದಿನ ಜೋಳದ ಡಬ್ಬಿಗೆ, ಟ್ರಂಕಿಗೆ, ಹಿಟ್ಟಿನ ಬುಟ್ಟಿಗೆ ಒಂದೊಂದು ಟೊಂಗೆ ಇಟ್ಟಿದ್ದೆ. ನಮ್ಮ ಅತ್ತೆ ನೆಲದೊಳಗಿನ ಕಾಳಿನ ಹಗೇವಿಗೆ ಹಾಕುತ್ತಿದ್ದಳು, ಕಾಳು ತೀರಬಾರದು ಎಂದು. ಈಗ ಹಗೇವು ಎಲ್ಲಿದೆ? ಉಣ್ಣುವುದೆಲ್ಲ ಈ ಪೆಟ್ಟಿಗೆಯಲ್ಲೇ. ಹಾಗೆಂದು ಇದಕ್ಕೂ ಇಟ್ಟೆ. ಬರ್ಫದ ಮೇಲೆ ಇಟ್ಟರೆ ಜಾರುತ್ತಿತ್ತು. ಅದಕ್ಕೆ ಹಿಂದಿನ ಹಲಗೆಯ ಸೀಳುಗಳಲ್ಲಿ ಸಿಕ್ಕಿಸಿದ್ದೆ. ಎರಡು ದಿನದಿಂದ ಟಕ್ ಟಕ್ ಎಂದಾಗ ಹಲ್ಲಿ ಎಂದುಕೊಂಡಿದ್ದೆ.

ಸೊಸೆ ನನ್ನ ಬೆನ್ನ ಹಿಂದಿದ್ದಳು. ಅವಳಿಗೂ ಕಾಣುತ್ತಿರಲಿಲ್ಲ, ಫೋನಿಗೂ ಕಾಣುತ್ತಿರಲಿಲ್ಲ. ಟೊಂಗೆ ಕಿತ್ತು ಮುಷ್ಟಿ ಮುಚ್ಚಿಕೊಂಡರೆ ಮುಗಿಯುತ್ತಿತ್ತು. ಕಿತ್ತೆ, ಮುಚ್ಚಿಕೊಂಡೆ ಕೂಡ. ಒಂದು ಉಸಿರಿನಷ್ಟು ಹೊತ್ತು. ಆದರೆ ಬೆಳಿಗ್ಗೆಯಿಂದ ಅವಳ ಬಾಗಿಲಿನ ಸದ್ದನ್ನು ಎರಡು ಸಲ ಎತ್ತಿ ಆಡಿದ್ದೆ.

ತಿರುಗಿ ಅಂಗೈ ಬಿಚ್ಚಿದೆ. "ತೊಗೊ. ನಾನ ಇಟ್ಟಾಕಿ. ನಿನ್ನ ಬಾಗಲಾ ಅಲ್ಲ, ನಿನ್ನ ಡಬರಿನೂ ಅಲ್ಲ."

ಸೊಸೆ ಟೊಂಗೆ ನೋಡಿದಳು, ನನ್ನ ನೋಡಿದಳು. "ಬನ್ನಿ ತೊಗೊಂಡು ಬಂಗಾರದ್ಹಂಗ ಇರೋಣು ಅಂದಿದ್ರೆಲ್ಲಾ ಅತ್ತಿ! ಈ ಬಂಗಾರಕ್ಕ ನನ್ನ ಹನ್ನೆರಡು ಲೀಟರ್ ಹಾಲು ಹೋಗ್ತಿತ್ತು."

ಮಿಸ್ತ್ರಿಗೆ ನಗು ತಡೆಯಲಿಲ್ಲ. "ನನಗೂ ಪ್ರತಿ ವರ್ಷಾ ಎಲ್ಲಾರೂ ಬನ್ನಿ ಕೊಡ್ತಾರ್ರಿ ಅಮ್ಮಾರ. ನಾ ಕಿಸೇದಾಗ ಇಟಗೋತೇನಿ, ಮೋಟಾರಿನ್ಯಾಗ ಇಡಂಗಿಲ್ಲ."

"ಸಾಕು, ಮುಂದಿಂದು ಹೇಳು," ಎಂದೆ.

ದಾರವನ್ನು ಕತ್ತರಿಯಿಂದ ಕತ್ತರಿಸಿ ಎಳೆ ಎಳೆಯಾಗಿ ತೆಗೆದೆ. ಬೆರಳು ತಾಗಿಸಿದರೆ ಫ್ಯಾನು ಗರಗರ ತಿರುಗಿತು. ನೀರೆಲ್ಲ ಒರೆಸಿ, ಒಣಗಲು ಬಿಟ್ಟು, ಹಲಗೆ ಕೂಡಿಸಿ, ಪ್ಲಗ್ ಹಾಕಿದೆವು. ಬಿಳಿಯ ಗುಂಡಿ ಒತ್ತಿದೆ. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಗುಂಯ್ ಎಂದಿತು, ಮುಖಕ್ಕೆ ಗಾಳಿ ಹೊಡೆಯಿತು.

ಡಬರಿ ಒಳಗಿಡುವ ಮುಂಚೆ ಸೊಸೆ ನನಗೆ ಒಂದು ಚಮಚ ಕೊಟ್ಟಳು. ಅವಳ ನಾಲಿಗೆಯ ಮೇಲೆ ಅವಳಿಗೇ ನಂಬಿಕೆ ಉಳಿದಿರಲಿಲ್ಲ. "ಖರೇ ಹೇಳ್ರಿ ಅತ್ತಿ. ಹುಳಿ ಬಂದೈತೇನು?"

ಬಾಯಲ್ಲಿಟ್ಟು ನಿಧಾನ ನೋಡಿದೆ. ಸುಳ್ಳು ಹೇಳುವ ಜಾಗವಲ್ಲ ಅದು. "ಮೊಸರಿಗೆ ಎಷ್ಟು ಬೇಕೋ ಅಷ್ಟ ಐತಿ. ಯಾಲಕ್ಕಿ ಕಡಿಮಿ ಆಗೈತಿ."

ಯಾವಾಗಲೂ ನನ್ನ ಮಾತಿಗೆ ಒಂದು ಮಾತು ಸೇರಿಸುವವಳು ಅವತ್ತು ಯಾಲಕ್ಕಿ ಕುಟ್ಟಿ ಸೇರಿಸಿದಳು.

ಮರುದಿನ ಡಬರಿ ವಿದ್ಯಾನಗರಕ್ಕೆ ಹೋಯಿತು. ಸಂಜೆ ತೊಳೆದು ಬಂತು. ಪಾತ್ರೆಯನ್ನು ಬರಿದು ಕಳಿಸಬಾರದೆಂದು ಒಳಗೆ ಒಂದು ಕಾಯಿ, ಒಂದು ರವಿಕೆ ಕಣ. ಹೇಳಿಕಳಿಸಿದ ಮಾತು ಒಂದು: ಕೂಸು ಹುಟ್ಟಿದ ಮೇಲೆ ತೊಟ್ಟಿಲ ದಿನಕ್ಕೂ ಇದೇ ಕೈಯ ಶ್ರೀಖಂಡ ಬೇಕು. ಸೊಸೆ ಅದನ್ನು ಮಗನಿಗೆ ಮೂರು ಸಲ ಹೇಳಿದಳು. ಆಮೇಲೆ ಚಹಾ ಮಾಡಿಕೊಂಡು ಬಂದು ನನ್ನ ಮುಂದೆ ಕೂತಳು.

"ಹೂಂ, ಬೈರಿ ಈಗ."

"ಬೈಯಾಕ ಏನ್ ಉಳಿಸೀದಿ ನೀ?"

"ಹಂಗಾರ ನಾ ಹೇಳ್ತೇನಿ ಕೇಳ್ರಿ. ಮುಂದಿನ ದಸರೀಗೆ ಬನ್ನಿ ಫ್ರಿಜ್ಜಿನ ತಲಿಮ್ಯಾಲೆ ಇಡ್ರಿ. ಹೊಟ್ಟ್ಯಾಗ ಬ್ಯಾಡ."

"ನೋಡೋಣು," ಎಂದೆ.