ಕಂಬಳಿಯನ್ನು ಇಳಿಸಿದವಳು

ರೀ, ಆ ಕಂಬಳಿಯನ್ನು ನೀವು ಮರೆತಿರಲಿಲ್ಲ. ಸೂಟ್‌ಕೇಸಿನಲ್ಲಿ ಸರಿಯಾಗಿಯೇ ಇಟ್ಟಿದ್ದಿರಿ. ತೆಗೆದವಳು ನಾನು.

ಇಷ್ಟನ್ನು ಮನಸ್ಸಿನಲ್ಲಿ ಹೇಳಿಕೊಳ್ಳುವುದಕ್ಕೇ ನನಗೆ ನಾಲ್ಕು ವರ್ಷ ಬೇಕಾಯಿತು. ಮಗಳು ಸುಮಾಳ ಎರಡನೇ ಬಾಣಂತನಕ್ಕೆ ಮತ್ತೆ ಕೆನಡಾಕ್ಕೆ ಹೊರಟಿದ್ದೇವೆ. ಅವೇ ಸೂಟ್‌ಕೇಸುಗಳು ಅಟ್ಟದಿಂದ ಇಳಿದು ನಡುಮನೆಯಲ್ಲಿ ಬಾಯಿ ತೆರೆದುಕೊಂಡು ಬಿದ್ದಿವೆ. ನೀವು ದೂರದಲ್ಲಿ ಕುರ್ಚಿ ಹಾಕಿಕೊಂಡು, "ಈ ಸಲ ಕಂಬಳಿನೂ ನೀನೇ ಇಡು ಕಣೇ, ನನ್ ಕೈಲಿ ಕೊಟ್ರೆ ಮರ್ತ್ ಬಿಡ್ತೀನಿ" ಅನ್ನುತ್ತೀರಿ. ಇರಲಿ, ಮೊದಲಿನಿಂದ ಹೇಳುತ್ತೇನೆ.

ಹೋದ ಸಲ ತುಂಬಿದ್ದು ನೀವೇ. ಅರಸೀಕೆರೆ–ಬೇಲೂರು ಬಸ್ಸಿನಲ್ಲಿ ಜೀವಮಾನವೆಲ್ಲ ಕಂಡಕ್ಟರಾಗಿದ್ದವರಿಗೆ ಸೂಟ್‌ಕೇಸ್ ಎಂದರೂ ಸಂತೆ ದಿನದ ಬಸ್ಸೇ, ತುಂಬಿತು ಅನ್ನುವ ಮಾತೇ ಇಲ್ಲ. ಅಂಟಿನುಂಡೆ ಡಬ್ಬಿಯನ್ನು ಮೂಲೆಗೆ ಒತ್ತಿ, ಬೆಳ್ಳುಳ್ಳಿ ಗಂಟನ್ನು ನಿಮ್ಮ ಪ್ಯಾಂಟಿನ ಕಾಲೊಳಗೆ ತೂರಿಸಿ, "ಇನ್ನೂ ಜಾಗ ಐತೆ, ಒಳಗ್ ನಡೀರಿ, ಒಳಗ್ ನಡೀರಿ" ಎಂದು ಸೀಗೆಪುಡಿಯನ್ನೂ ತಳ್ಳಿದಿರಿ. ಕೊನೆಗೆ ನೀವು ಮೇಲೆ ಕೂತಿರಿ, ನಾನು ಜಿಪ್ ಎಳೆದೆ. ಪಕ್ಕದ ಕೊಬ್ಬರಿ ಮಂಡಿಯ ತಕ್ಕಡಿಗೆ ಹೊತ್ತುಕೊಂಡು ಹೋದಾಗ ಸಾಹುಕಾರರು, "ಏನ್ ಕಂಡಕ್ಟ್ರೇ, ಟಾಪ್ ಮೇಲೂ ಹತ್ಸಿದ್ದೀರಾ?" ಎಂದು ನಕ್ಕರು. ತೂಕ ವಿಮಾನದವರು ಬಿಡುವಷ್ಟಕ್ಕೆ ಸರಿಯಾಗಿ ನಿಂತಿತು. ಇನ್ನೊಂದು ಕರ್ಚೀಫಿಗೂ ಜಾಗವಿರಲಿಲ್ಲ.

ನನ್ನ ಎರಡು ರೇಷ್ಮೆ ಸೀರೆ ಮಾತ್ರ ಹೊರಗೇ ಉಳಿದಿದ್ದವು. ಬಾಣಂತಿ ಮನೆಗೆ ರೇಷ್ಮೆ ಯಾಕೆ ಎಂದು ನೀವು ಕೇಳಿದ್ದು ನ್ಯಾಯವೇ. ನನಗೋ, ಅಲ್ಲಿನ ಜಲಪಾತದ ಮುಂದೆ ಜರಿಸೆರಗು ಹೊದ್ದು ನಿಂತು ಫೋಟೊ ತೆಗೆಸಿಕೊಂಡು ಓರಗಿತ್ತಿಗೆ ಕಳಿಸಬೇಕಿತ್ತು. ಅದಕ್ಕೇ. ಇದಕ್ಕಿಂತ ದೊಡ್ಡ ಕಾರಣ ಹುಡುಕಿ ನೋಡಿದೆ, ಸಿಗಲಿಲ್ಲ.

ನೀವು ಕ್ಷೌರಕ್ಕೆ ಹೋದಾಗ ಜಿಪ್ ತೆಗೆದೆ. ತಳದಲ್ಲಿ ಕಂಬಳಿ ಇತ್ತು — ಜಾವಗಲ್ಲಿನ ಮನೆಯಲ್ಲಿ ನಿಮ್ಮ ಅಮ್ಮ ಹೊದೆಯುತ್ತಿದ್ದ ಕರಿ ಕಂಬಳಿ. ನಿಮ್ಮ ಮನೆಯ ಮಕ್ಕಳನ್ನೆಲ್ಲ ಮೊದಲ ಸಲ ತೊಟ್ಟಿಲಿಗೆ ಹಾಕಿದ್ದು ಅದರ ಮೇಲೇ, ನಿಮ್ಮನ್ನೂ, ಸುಮಾಳನ್ನೂ. ಮೊಮ್ಮಗುವಿಗೂ ಅದೇ ಆಗಬೇಕೆಂದು ಎಲ್ಲಕ್ಕಿಂತ ಮೊದಲು ಅದನ್ನೇ ಹತ್ತಿಸಿದ್ದಿರಿ. ನನಗೆ ಕಂಡದ್ದು ಅದರ ತೂಕ, ಅದರ ಕುರಿ ವಾಸನೆ. ಟಿಕೆಟ್ ತೆಗೆದುಕೊಂಡು ಸೀಟು ಹಿಡಿದಿದ್ದ ಕಂಬಳಿಯನ್ನು ಎಬ್ಬಿಸಿ ಇಳಿಸಿ, ಆ ಸೀಟಿನಲ್ಲಿ ರೇಷ್ಮೆ ಸೀರೆಗಳನ್ನು ಕೂರಿಸಿದೆ. ಕಂಬಳಿಯನ್ನು ಖಾಲಿ ರಾಗಿ ಡ್ರಮ್ಮಿಗೆ ತುರುಕಿ ಮುಚ್ಚಳ ಹಾಕಿದೆ.

ತೊಟ್ಟಿಲಿಗೆ ಹಾಕುವ ದಿನ ಅಲ್ಲಿ ಕಿಟಕಿಯ ತನಕ ಹಿಮ. ನೀವು ಸೂಟ್‌ಕೇಸಿನ ಮುಂದೆ ಮಂಡಿಯೂರಿ ಹುಡುಕಿದಿರಿ. ನನ್ನ ಸೀರೆಗಳನ್ನು, ಇವು ಯಾವಾಗ ಒಳಗೆ ಬಂದವೆಂದೂ ಕೇಳದೆ, ಮಡಿಕೆ ಕೆಡದಂತೆ ಎತ್ತಿ ಪಕ್ಕಕ್ಕಿಟ್ಟು — ಅಯ್ಯೋ, ಅಷ್ಟು ಜೋಪಾನವಾಗಿ — ಮತ್ತೆ ಹುಡುಕಿದಿರಿ. ಆಮೇಲೆ ನನ್ನ ಕಡೆ ತಿರುಗಿ, "ನಾನು ಇಟ್ಟಿದ್ನಲ್ವೇನೇ?" ಎಂದಿರಿ. ಆಗಲೇ ಹೇಳಬಹುದಿತ್ತು. ಅಳಿಯ ಅಲ್ಲೇ ನಿಂತಿದ್ದ, ಅವನ ಅಕ್ಕನೂ ಬಂದಿದ್ದಳು. ನನ್ನ ಬಾಯಿಂದ ಬಂದದ್ದು ಇದು: "ಎಲ್ಲಿಟ್ರಿ? ಮಂಚದ ಮೇಲೇ ಬಿಟ್ ಬಂದಿರ್ತೀರ. ನಿಮ್ಗೆ ಈಗೀಗ ಮರೆವು ಕಣ್ರೀ."

ಮಗುವನ್ನು ಅಳಿಯನ ಸ್ನಾನದ ಟವೆಲ್ ಮೇಲೆ ಮಲಗಿಸಿದೆವು, ಅದರ ಮೇಲೊಂದು ತಿಮಿಂಗಿಲದ ಚಿತ್ರವಿತ್ತು. ಇನ್ನು ನನ್ನ ರೇಷ್ಮೆ! ಆ ಚಳಿಯಲ್ಲಿ ಸುಮಾಳ ದಪ್ಪ ಕೋಟು ಬಿಚ್ಚಲಾಗದೆ, ಜಲಪಾತದ ಅಷ್ಟೂ ಫೋಟೊಗಳಲ್ಲಿ ನಾನು ಸುತ್ತಿಟ್ಟ ಹಾಸಿಗೆಯ ಹಾಗೆ ನಿಂತಿದ್ದೇನೆ. ಜರಿಯ ಒಂದು ಎಳೆಯೂ ಕಾಣಿಸುವುದಿಲ್ಲ.

ಊರಿಗೆ ಬಂದ ದಿನ ನೀವು ಕಾರಿನಿಂದ ಸಾಮಾನು ಇಳಿಸುವಷ್ಟರಲ್ಲಿ ಡ್ರಮ್ಮಿನಿಂದ ಕಂಬಳಿ ತೆಗೆದು ಮಂಚದ ಮೇಲಿಟ್ಟೆ. ಸುಳ್ಳಿಗೆ ಸಾಕ್ಷಿಯನ್ನೂ ಹುಟ್ಟಿಸಿದೆ. ನೀವು ಒಳಗೆ ಬಂದು ಅದರ ಅಂಚನ್ನು ಮುಟ್ಟಿ ನೋಡಿ, "ನೀನ್ ಹೇಳಿದ್ದೇ ಸರಿ. ಅಪ್ಪಂದು ನಂಗೂ ಬಂತು" ಎಂದಿರಿ. ನಿಮ್ಮ ತಂದೆ ಕೊನೆಗಾಲದಲ್ಲಿ ಮಗನೆಂಬುದನ್ನೇ ಮರೆತು, "ಸ್ವಾಮಿ, ಹಳೇಬೀಡಿಗೆ ಒಂದು ಕೊಡಿ" ಎಂದು ನಿಮ್ಮ ಹತ್ತಿರ ಟಿಕೆಟ್ ಕೇಳುತ್ತಿದ್ದರು. ಅದನ್ನು ನೀವು ಎಲ್ಲರಿಗೂ ನಗುತ್ತಾ ಹೇಳುತ್ತಿದ್ದಿರಿ. ಆ ದಿನ ನಗಲಿಲ್ಲ.

ಅಲ್ಲಿಯ ತನಕ ಸಂಜೆಯಾದರೆ ಬಸ್ ಸ್ಟ್ಯಾಂಡಿನಲ್ಲಿ ನಿಮ್ಮ ದರ್ಬಾರು. ಹಳೇ ಪ್ರಯಾಣಿಕರು, "ನಾನ್ಯಾರು ಹೇಳಿ ನೋಡಣ ಕಂಡಕ್ಟ್ರೇ?" ಎಂದು ಪರೀಕ್ಷೆ ಮಾಡಿದರೆ, "ಜಾವಗಲ್ಲಲ್ಲಿ ಹತ್ತಿ ಹಳೇಬೀಡಲ್ಲಿ ಇಳೀತಿದ್ದೋಳು ನೀನು. ಸೆರಗೊಳಗೆ ಕೋಳಿ ಬಚ್ಚಿಟ್ಕಂಡಿದ್ದೆ, ಅದಕ್ಕೆ ಟಿಕೆಟ್ ತಗಂಡಿರ್ಲಿಲ್ಲ!" ಎನ್ನುತ್ತಿದ್ದಿರಿ. ಈಗ ಆ ಕಡೆ ತಲೆ ಹಾಕುವುದಿಲ್ಲ. ಯಾರಾದರೂ ಕೇಳಿ, ಹೆಸರು ಹೊಳೆಯದೆ ಹೋದರೆ ಎಂಬ ಭಯ. ಹಾಲು ತರುವುದಕ್ಕೂ ಬಸ್ ಸ್ಟ್ಯಾಂಡ್ ತಪ್ಪಿಸಿ ಸುತ್ತು ಹಾಕುತ್ತೀರಿ.

ಜೊತೆಗೆ ನೆನಪಿಗೆ ಒಳ್ಳೆಯದೆಂದು ದಿನಾ ಬೆಳಿಗ್ಗೆ ಒಂದೆಲಗದ ಚಟ್ನಿ. ರುಬ್ಬಿ ಬಡಿಸುವವಳೂ ನಾನೇ. ಮುಖ ಕಿವುಚಿಕೊಂಡು ತಿಂದು, "ಇವತ್ತು ಸ್ವಲ್ಪ ವಾಸಿ ಅನ್ಸುತ್ತೆ ಕಣೇ" ಎನ್ನುತ್ತೀರಿ. ನಿಮಗೆ ಯಾವ ಮರೆವೂ ಇಲ್ಲ. ನಮ್ಮ ಮದುವೆಯ ಊಟದಲ್ಲಿ ನನ್ನ ಸೋದರಮಾವ ನಿಮ್ಮ ಕಡೆಯವರಿಗೆ ಲಾಡು ಕಡಿಮೆ ಬಡಿಸಿದ್ದನ್ನು ಇವತ್ತಿಗೂ ಬಿಟ್ಟಿಲ್ಲ. ಇಲ್ಲದ ಕಾಯಿಲೆಯನ್ನು ಕೊಟ್ಟು ನಾನೇ ಮದ್ದನ್ನೂ ತಿನ್ನಿಸುತ್ತಾ ಬಂದೆ.

ಇವತ್ತು ಕಂಬಳಿಯನ್ನು ಬಿಸಿಲಿಗೆ ಹಾಕಿ, ಒದರಿ, ಸೂಟ್‌ಕೇಸಿನ ತಳಕ್ಕೆ ಹಾಸಿದ್ದೇನೆ. ರೇಷ್ಮೆ ಬೀರುವಿನಲ್ಲೇ ಇದೆ. ಇದರಿಂದ ಸರಿಹೋಯಿತೆಂದಲ್ಲ. ದೊಡ್ಡ ಮೊಮ್ಮಗಳನ್ನು ಇನ್ನೊಮ್ಮೆ ತೊಟ್ಟಿಲಿಗೆ ಹಾಕಲಾಗುವುದಿಲ್ಲ. ಬಸ್ ಸ್ಟ್ಯಾಂಡಿನ ಅಷ್ಟು ಸಂಜೆಗಳನ್ನು ನಾನು ಎಲ್ಲಿಂದ ತಂದುಕೊಡಲಿ?

ನಾಳೆ ಬೆಳಿಗ್ಗೆ ನಿಮ್ಮ ತಟ್ಟೆಗೆ ಬರೀ ಕಾಯಿಚಟ್ನಿ ಬಡಿಸುತ್ತೇನೆ. "ಒಂದೆಲಗ ಮರ್ತ್ಯೇನೇ?" ಎಂದು ಕೇಳಿಯೇ ಕೇಳುತ್ತೀರಿ. "ಮರ್ತಿಲ್ಲ ಕಣ್ರೀ. ನೀವೂ ಮರ್ತಿರ್ಲಿಲ್ಲ" ಎಂದು ಅಲ್ಲಿಂದ ಶುರುಮಾಡುತ್ತೇನೆ.